ಬನದ ಮಾಲಕರು

“ಮಾಲಕ್ರು ಅಂದ್ರೆ ಯಾರ್ ಹಂಗಾರೆ?”

ಸುಂದರ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಒಂದು ಕಬ್ಬಿಣದ ಗೇಟು, ಅದಕ್ಕೆ ತಂತಿಯಿಂದ ಬಿಗಿದ ಹೊಸ ಬೋರ್ಡು. ‘ಇದು ಖಾಸಗಿ ಸ್ಥಳ. ಅಪ್ಪಣೆಯಿಲ್ಲದೆ ಒಳಗೆ ಬರಬಾರದು – ಮಾಲಕರು.’ ಬಣ್ಣ ಇನ್ನೂ ಪೂರ್ತಿ ಆರಿರಲಿಲ್ಲ. ಗಾಳಿಗೆ ಎದ್ದು ಬಂದ ಹೊಯಿಗೆ, ಆ ಕಡಲಮರಳು, ಕೊನೆಯ ಸಾಲಿನ ಮೇಲೆ ಹುರುಕಿನ ಹಾಗೆ ಅಂಟಿಕೊಂಡಿತ್ತು.

ಗೇಟಿನಾಚೆ ಒಂದೂಮುಕ್ಕಾಲು ಎಕರೆ ಜಾಗ. ಗಾಳಿಮರಗಳ ಒಂದು ಸಾಲು, ಅದು ದಾಟಿದರೆ ಕಡಲು. ತೆಂಕು ಮೂಲೆಯಲ್ಲಿ ಸುರಗಿ, ಹೊನ್ನೆ, ಹೆಸರಿಲ್ಲದ ಬಳ್ಳಿಗಳೆಲ್ಲ ಒಂದನ್ನೊಂದು ತಬ್ಬಿಕೊಂಡು ನಿಂತ ಹಸಿರು ಕತ್ತಲೆಯೊಂದಿತ್ತು. ಅದು ನಾಗಬನ. ಒಳಗೆ ಏಳು ನಾಗನ ಕಲ್ಲು. ಅದರ ಹೊರಗಿನ ಚಪ್ಪಡಿಯ ಮೇಲೆ ಪ್ರತಿ ತಿಂಗಳ ಸಂಕ್ರಾಂತಿಯ ಸಂಜೆ ಸುಂದರ ಇಪ್ಪತ್ತು ವರ್ಷದಿಂದ ದೀಪ ಇಡುತ್ತ ಬಂದಿದ್ದ. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದಲ್ಲ. ಅವನ ಮನೆಗೆ ಹೋಗುವ ದಾರಿ ಅದೇ, ದಾರಿಯಲ್ಲಿ ನಾಗ ಇದ್ದಾನೆ, ಅಷ್ಟೆ.

ಪಹಣಿ ತೆಗೆಸಿ ನೋಡಿದರೆ ಆ ಮಾಲಕ ಸುಂದರನೇ. ಆದರೆ ಗೇಟಿನ ಬೀಗದ ಕೀಲಿಕೈ ಅವನ ಹತ್ತಿರ ಇರಲಿಲ್ಲ.

ಕಿಸೆಯೊಳಗೆ ಫೋನು ಬಡಿದುಕೊಂಡಿತು. ಬ್ರಹ್ಮಾವರದಿಂದ ಸರೋಜಕ್ಕ.

“ಹ್ವಾಯ್ ಸುಂದರಾ, ಕೇಂತಾ? ಪಂಚಮಿಗೆ ಬತ್ತೆ ಮಗಾ. ಮೊದಲ್ನೇ ಬಸ್ಸಿಗೇ. ಎಳ್ನೀರಿಗೆ ಬೊಂಡ ಎರ್ಡ್ ಕೊಯ್ಸಿ ಇಡ್. ಹಾಲ್ ನಾನೇ ತತ್ತೆ.”

“ಆಯ್ತ್ ಸರೋಜಕ್ಕ.”

“ಬನದ್ ಬಳ್ಳಿ ಯಾರೂ ಮುಟ್ಲಿಲ್ಲೆ ಅಲ್ದಾ?”

“ಇಲ್ಲೆ.”

“ನೀ ಇದ್ಮೇಲೆ ನಂಗೆಂತ ಹೆದ್ರಿಕೆ?” ಎಂದು ಸರೋಜಕ್ಕ ನಕ್ಕು ಫೋನಿಟ್ಟಳು. ನಾಗರಪಂಚಮಿಗೆ ಉಳಿದದ್ದು ಒಂಬತ್ತು ದಿನ. ಸುಂದರನ ಬಾಯಲ್ಲಿ ನೀರು ಊರಿತು, ಹಸಿವಿನ ನೀರಲ್ಲ. ಕೆಟ್ಟ ಮೀನಿನ ವಾಸನೆ ಮೂಗಿಗೆ ಬಡಿದಾಗ ನಾಲಗೆಯ ಬುಡದಲ್ಲಿ ಒಸರುತ್ತದಲ್ಲ, ಅಂಥದ್ದು.

ಮೀನಿನ ಸಂಗತಿ ಅವನಿಗೆ ಗೊತ್ತು. ಗಂಗೊಳ್ಳಿಯಲ್ಲಿ ಶೈಲೇಶನ ಐಸ್ ಪ್ಲಾಂಟಿನಲ್ಲಿ ಅವನು ಹದಿನಾಲ್ಕು ವರ್ಷದಿಂದ ಐಸು ಒಡೆಯುತ್ತಿದ್ದಾನೆ. ತಡವಾಗಿ ಐಸು ಕಂಡ ಮೀನು ಹೊರಗಿನಿಂದ ಹೊಳೆಯುತ್ತದೆ, ಕಣ್ಣು ಕೂಡ ಮಿರುಗುತ್ತದೆ. ಕಿವಿರು ಎತ್ತಿದರೆ ಮಾತ್ರ ಒಳಗೆ ಕಪ್ಪು. ಶೈಲೇಶನ ಕಿವಿರು ಎತ್ತಿ ನೋಡಲು ತನಗೆ ಹದಿನಾಲ್ಕು ವರ್ಷ ಬೇಕಾಯಿತೆ ಎಂದುಕೊಂಡಾಗ ಅವನಿಗೆ ತನ್ನ ಮೇಲೆಯೇ ಓಕರಿಕೆ ಬಂತು.

ಆದದ್ದು ಇಷ್ಟು.

ಜಾಗ ಸರೋಜಕ್ಕನದು. ಗಂಡ ಸತ್ತು, ಮಕ್ಕಳಿಲ್ಲದೆ, ಮಂಡಿನೋವು ಹೆಚ್ಚಾಗಿ, ಬ್ರಹ್ಮಾವರದ ತಂಗಿಮಗಳ ಮನೆಗೆ ಹೋಗಿ ಇರುತ್ತೇನೆ ಎಂದು ಆಕೆ ತೀರ್ಮಾನಿಸಿದಾಗ ಕೊಳ್ಳಲು ಮೊದಲು ಬಂದವನೇ ಶೈಲೇಶ. ಸರೋಜಕ್ಕ ಅವನಿಗೆ ಕೂರಲು ಕುರ್ಚಿ ಕೂಡ ಕೊಡಲಿಲ್ಲ. ಶೈಲೇಶನ ಅಪ್ಪನ ಕಾಲದಲ್ಲಿ, ಇಬ್ಬರ ಜಾಗದ ನಡುವಿನ ಗಡಿಕಲ್ಲು ಒಂದೇ ಮಳೆಗಾಲದಲ್ಲಿ ಹತ್ತು ಮಾರು ಈಚೆಗೆ ನಡೆದು ಬಂದಿತ್ತು. ಕಲ್ಲಿಗೆ ಕಾಲು ಕೊಟ್ಟವರು ಯಾರೆಂದು ಊರಿಗೆಲ್ಲ ಗೊತ್ತು, ಕೋರ್ಟಿಗೆ ಮಾತ್ರ ಗೊತ್ತಾಗಲಿಲ್ಲ. “ಆ ಮನಿಯೋರ ನೆರಳ್ ನನ್ನ ಹೊಯ್ಗಿ ಮೇಲೆ ಬೀಳುಕಾಗ” ಎಂದು ಸರೋಜಕ್ಕ ಬಾಗಿಲು ಹಾಕಿಕೊಂಡಳು.

ಎರಡು ದಿನ ಕಳೆದು ಶೈಲೇಶ ಸುಂದರನನ್ನು ಪ್ಲಾಂಟಿನ ಆಫೀಸಿಗೆ ಕರೆಸಿ ಹೆಗಲ ಮೇಲೆ ಕೈಯಿಟ್ಟ. ಮೆತ್ತಗಿನ, ಸೆಂಟು ಹಚ್ಚಿದ ಕೈ.

“ನನ್ನ ಸಾವ್ಕಾರ್ರೇ ಅನ್ಬೇಡ ಅಂದ್ ಎಷ್ಟ್ ಸಲ ಹೇಳಿದ್ದೆ? ಅಣ್ಣ ಅನ್. ಒಂದ್ ಹೆಸ್ರ್ ಬೇಕಿತ್ ಮರಾಯಾ. ಹೆಸ್ರ್ ಅಷ್ಟೇ.”

“ಯಾರ್ ಹೆಸ್ರ್ ಶೈಲೇಶಣ್ಣ?”

“ನಿಂದ್. ಬೋಟಿಗೆ ಕೊಟ್ಟಿಯಲ್ದಾ, ಹಂಗೇ. ಅದ್ರಲ್ಲಿ ನಿಂಗೆಂತಾರೂ ಸವ್ದ್ ಹೋಯ್ತಾ?”

ಹೌದು, ಆರು ವರ್ಷದ ಹಿಂದೆ ಶೈಲೇಶನ ಒಂದು ಬೋಟು ಸುಂದರನ ಹೆಸರಿನಲ್ಲಿ ನೋಂದಣಿಯಾಗಿತ್ತು. ಬಂದರಿನಲ್ಲಿ ಅದೇನು ದೊಡ್ಡ ಸಂಗತಿಯಲ್ಲ. ಒಬ್ಬನ ಬೋಟು ಇನ್ನೊಬ್ಬನ ಹೆಸರಿನಲ್ಲಿ ಕಡಲಿಗಿಳಿಯುತ್ತದೆ, ಮೀನು ಹಿಡಿಯುತ್ತದೆ, ಹಳತಾದ ಮೇಲೆ ಗುಜರಿಗೆ ಹೋಗುತ್ತದೆ. ಹೆಸರು ಕೊಟ್ಟವನಿಗೆ ಹಬ್ಬಕ್ಕೊಂದು ಲುಂಗಿ. ಸುಂದರ ಜಾಗವನ್ನೂ ಹಾಗೆಯೇ ಎಂದುಕೊಂಡ. ಬೋಟಿಗೆ ನಾಗ ಇರುವುದಿಲ್ಲ ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

ಸುಂದರ ಕೊಳ್ಳುತ್ತಾನೆಂದು ಕೇಳಿ ಸರೋಜಕ್ಕನ ಮುಖ ಅರಳಿತು. ಅವನಿಗೆ ದುಡ್ಡು ಎಲ್ಲಿಂದ ಬಂತೆಂದು ಆಕೆ ಕೇಳಿದಳು. ಮುಂಬಯಿಯ ಭಾವ ಕೊಡುತ್ತಾನೆ ಎಂದು ಶೈಲೇಶ ಕಲಿಸಿಕೊಟ್ಟ ಮಾತನ್ನೇ ಸುಂದರ ಹೇಳಿದ. ಹೇಳುವಾಗ ನೆಲ ನೋಡುತ್ತಿದ್ದ. ಅದು ಅವನ ಸಂಕೋಚವೆಂದು ಸರೋಜಕ್ಕ ತಿಳಿದಳು. ಊರಿನ ದರದ ಅರ್ಧಕ್ಕೇ ಒಪ್ಪಿದಳು. “ಬನ ಕಾಂಬವ್ನಿಗೆ ಕೊಡುದ್, ಮಾರುದಲ್ಲ” ಎಂದಳು.

ರಿಜಿಸ್ಟ್ರಿಯ ದಿನ ಶೈಲೇಶ ಆಫೀಸಿನೊಳಗೆ ಕಾಲಿಡಲಿಲ್ಲ. ಹೊರಗೆ, ಕಪ್ಪು ಗಾಜಿನ ಕಾರಿನಲ್ಲಿ ಏಸಿ ಹಾಕಿಕೊಂಡು ಕುಳಿತಿದ್ದ. ಒಳಗೆಲ್ಲ ಬ್ರೋಕರ್ ರತೀಶನ ಓಡಾಟ. ಯಂತ್ರದ ಗಾಜಿನ ಮೇಲೆ ಸುಂದರನ ಹೆಬ್ಬೆರಳು ಮೂರು ಸಲ ಇಟ್ಟರೂ ಹಿಡಿಯಲಿಲ್ಲ. ವರ್ಷಗಟ್ಟಲೆ ಐಸಿಗೆ ಸವೆದ ಬೆರಳು, ಗೆರೆ ಎಲ್ಲಿ ಉಳಿದೀತು? “ಎಂತ ಮಾರಾಯಾ, ನಿಂಗೆ ಬೆರ್ಳೇ ಇಲ್ಯಾ?” ಎಂದು ರತೀಶ ತನ್ನ ಕರವಸ್ತ್ರದಿಂದ ಆ ಹೆಬ್ಬೆರಳನ್ನು ಪಾತ್ರೆ ಉಜ್ಜಿದಂತೆ ಉಜ್ಜಿ, ಮಣಿಕಟ್ಟು ಹಿಡಿದು, ಗಾಜಿಗೆ ಒತ್ತಿದ. ನಾಲ್ಕನೆಯ ಸಲಕ್ಕೆ ಹಿಡಿಯಿತು. ಯಂತ್ರಕ್ಕೂ ತನ್ನಷ್ಟು ಬೇಗ ಒಪ್ಪಲು ಮನಸ್ಸಿರಲಿಲ್ಲವೇನೋ ಎಂದು ಸುಂದರನಿಗೆ ಈಗ ಅನ್ನಿಸುತ್ತದೆ.

ಹೊರಗೆ ಬಂದ ಮೇಲೆ ಸರೋಜಕ್ಕ ಚೀಲದಿಂದ ಹಿತ್ತಾಳೆಯ ಗಿಂಡಿ ತೆಗೆದು ಅವನ ಕೈಗಿತ್ತಳು. ಅವಳ ಅತ್ತೆ, ಅತ್ತೆಯ ಅತ್ತೆ, ಎಲ್ಲರೂ ನಾಗನಿಗೆ ಹಾಲೆರೆದ ಗಿಂಡಿ.

“ಜಾಗದ ಒಟ್ಟಿಗೇ ಹೋಯ್ಕ್ ಇದ್. ನಾಗನ್ನ ಕಾಣ್ಕ್ ಮಗಾ.”

“ಕಾಂತೆ” ಎಂದ ಸುಂದರ.

ಆಮೇಲೆ ಕಾರಿನ ಹಿಂದಿನ ಸೀಟಿನಲ್ಲಿ ಇನ್ನೊಂದು ಕಾಗದ. ಆ ಜಾಗದಲ್ಲಿ ಏನು ಮಾಡುವುದಕ್ಕೂ ಶೈಲೇಶನಿಗೇ ಅಧಿಕಾರ ಎಂದು ಬರೆದದ್ದು. ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡೇ ಸುಂದರ ರುಜು ಹಾಕಿದ. ಮುಂದೆ ಅದನ್ನೂ ನೋಂದಾಯಿಸಿದರು. ಅಂದು ಮಧ್ಯಾಹ್ನ ಶೈಲೇಶ ಅವನನ್ನು ಕುಂದಾಪುರದ ದೊಡ್ಡ ಹೋಟೆಲಿಗೆ ಕರೆದೊಯ್ದು ಅಂಜಲ್ ಮೀನಿನ ಫ್ರೈ ತಿನ್ನಿಸಿದ. ತಿಂದ. ರುಚಿಯಾಗಿಯೇ ಇತ್ತು.

ಬಂದರಿನಲ್ಲಿ ಸುದ್ದಿ ಹಬ್ಬಿತು. ಮೀನು ಏಲಂ ಕೂಗುವ ಮುತ್ತು ಅವನನ್ನು ಕಂಡಾಗಲೆಲ್ಲ ಬುಟ್ಟಿ ಕೆಳಗಿಟ್ಟು ಕೈಮುಗಿಯುತ್ತಿದ್ದ. “ಹ್ವಾಯ್, ಜಮೀನ್ದಾರ್ರು ಬಂದ್ರ್! ದಾರಿ ಬಿಡಿ! ಒಡೆಯ, ನಮ್ಗೂ ಒಂದ್ ಹತ್ತ್ ಸೆಂಟ್ಸ್ ಉಂಬಳಿ ಬಿಡಿ!” ಎಲ್ಲರೂ ನಗುತ್ತಿದ್ದರು. ಸುಂದರನೂ ನಗಬೇಕಾಗುತ್ತಿತ್ತು. ಆ ನಗು ಮುಖದ ಮೇಲೆ ಬೇರೆಯವರ ಎಂಜಲಿನ ಹಾಗೆ ಉಳಿದುಬಿಡುತ್ತಿತ್ತು.

ಬೋರ್ಡು ನೋಡಿದ ಮರುದಿನ ಶೈಲೇಶ ಮತ್ತೆ ಕರೆಸಿದ. ಮೇಜಿನ ಮೇಲೆ ಗೋಡಂಬಿಯ ತಟ್ಟೆ.

“ತಿನ್ನ್. ಕಾಣ್ ಸುಂದರ, ಜಾಗಕ್ಕೊಂದ್ ಪಾರ್ಟಿ ಬಂದಿತ್. ರೆಸಾರ್ಟ್ ಮಾಡ್ತ್ರಂಬ್ರ್. ಬನ ಒಂದ್ ಅಡ್ಡ ಇತ್. ನಾನೇನ್ ಕಡ್ದ್ ಬಿಸಾಡುಕೆ ಹೋಪ ಜನ ಅಲ್ಲ, ನಿಂಗ್ ಗೊತ್ತಿತ್ತಲ್ಲ? ಕ್ರಮದಲ್ಲೇ ಮಾಡುದ್. ಕಲ್ಲ್ ಎಬ್ಬಿಸಿ ಬೇರೆ ಕಡೆ ಕೂರ್ಸುದ್. ಈಗ ಎಲ್ಲಾ ಕಡೆ ಮಾಡ್ತ್ರ್.”

“ಪಂಚಮಿಗೆ ಸರೋಜಕ್ಕ ಬತ್ರಲ್ಲ ಅಣ್ಣ.”

“ಅದ್ಕೇ ಮೊದ್ಲೇ ಮುಗಿಸ್ಬಿಡುವ. ಬಪ್ಪ ಭಾನ್ವಾರ. ಭಟ್ರಿಗೆ ಹೇಳಿದ್ದೆ. ಅವ್ರ್ ಹೇಳ್ತ್ರ್, ಜಾಗದ ಯಜಮಾನನೇ ಮಣೆ ಮೇಲೆ ಕೂಕಣ್ಕ್, ನಾಗನ ಹತ್ರ ಅವ್ನೇ ಬೇಡ್ಕಣ್ಕ್ ಅಂದೇಳಿ. ಬೇರೆಯವ್ರ್ ಕೂಕಂಡ್ರೆ ಆಪುದಿಲ್ಲ. ನೀ ಒಂದ್ ಅರ್ಧ ಗಂಟೆ ಕೂಕೊ. ಹೊಸ ಮುಂಡು ನಾನೇ ಕೊಡ್ತೆ.”

ಸುಂದರ ಗೋಡಂಬಿ ಮುಟ್ಟಲಿಲ್ಲ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನು ಸುಮ್ಮನಿದ್ದರೆ ಒಪ್ಪಿದಂತೆ ಎಂದು ಹದಿನಾಲ್ಕು ವರ್ಷದಲ್ಲಿ ಶೈಲೇಶನಿಗೆ ಅಭ್ಯಾಸವಾಗಿತ್ತು.

ಮೆಟ್ಟಿಲಿಳಿದು ಅಂಗಳಕ್ಕೆ ಬಂದಾಗ ಕೊಡೆ ಮರೆತದ್ದು ನೆನಪಾಯಿತು. ತಿರುಗಿ ಹೋದ. ಬಾಗಿಲು ಅರ್ಧ ತೆರೆದಿತ್ತು. ಶೈಲೇಶ ಆಚೆ ಮುಖ ಮಾಡಿಕೊಂಡು ಹೆಂಡತಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದ.

“...ನಾ ಎಂತಕೆ ಕೂಕಂತೆ? ಮರ್ಳಾ ನಿಂಗೆ? ಸೊಸೆ ರಮಿತಾ ಈಗ ಬಸ್ರಿ, ಅವ್ಳಿಗೆ, ಮೊಮ್ಮಗುಗೆ ನಾಗದೋಷ ತಾಗ್ಸ್ಕಂಬುಕಾ? ಅದ್ಕೇ ಅಲ್ದಾ ಅವ್ನ ಹೆಸ್ರಲ್ಲಿ ಇಟ್ಟದ್? ಪಹಣಿ ಅವ್ನ್ದ್, ಸಂಕಲ್ಪ ಅವ್ನ್ದ್. ಎಂತಾರೂ ಆತಿದ್ರೆ ಅವ್ನಿಗೇ ಆತ್. ಹ್ಞಾಂ... ಅವ್ನಿಗೂ ಒಂದ್ ಹೆಣ್ಣಿತ್, ಕಾಲೇಜಿಗೆ ಹೋತ್. ಇರ್ಲಿ ಬಿಡ್, ನಾವೆಂತ ಮಾಡುಕಾತ್?”

ಮಾತಿನ ಕೊನೆಗೆ ಗೋಡಂಬಿ ಕಡಿದ ಸದ್ದು.

ಸುಂದರ ಕೊಡೆಯನ್ನು ಅಲ್ಲಿಯೇ ಬಿಟ್ಟು ಇಳಿದ. ಪ್ಲಾಂಟಿನ ಹಿಂಭಾಗದಲ್ಲಿ, ಒಡೆದ ಐಸು ಕರಗಿ ಹರಿಯುವ ತೋಡಿನ ಬಳಿ ಬಗ್ಗಿ ಕುಳಿತು ಬೆಳಗಿನ ಗಂಜಿಯನ್ನೆಲ್ಲ ಕಾರಿದ. ಬಾಯಿ ತೊಳೆದ. ಆಮೇಲೆ ಹೆಬ್ಬೆರಳು ತೊಳೆದ. ತೊಳೆಯುತ್ತಲೇ ಇದ್ದ. ಜಾಗ ಕೊಳ್ಳುವಾಗ ಶೈಲೇಶ ಸರೋಜಕ್ಕನಿಂದ ಅಡಗಿದ, ಸರಿ. ಸರಕಾರದಿಂದ ಅಡಗಿದ, ಸರಿ. ಈ ಮನುಷ್ಯ ನಾಗನಿಂದಲೂ ಅಡಗಿ ಕೂರಲು ಹೊರಟಿದ್ದಾನೆ. ಅಡಗುವುದಕ್ಕೆ ಅವನಿಗೆ ಸಿಕ್ಕಿದ್ದು ಸುಂದರನ ಮಗಳು ಚಂದನಾಳ ಬೆನ್ನು. ಹೇಸಿಗೆಗೆ ಒಂದು ಮಿತಿಯಿರುತ್ತದೆ ಎಂದು ಸುಂದರ ಈವರೆಗೆ ನಂಬಿದ್ದ.

ಚಿಕ್ಕಂದಿನಲ್ಲಿ ಅಜ್ಜನ ಪಕ್ಕ ಕೂತು, ಚಾವಡಿಯಲ್ಲಿ ಹಿರಿಯರು ರಾಗವಾಗಿ ಓದುತ್ತಿದ್ದ ಪುರಾಣದ ಪದ್ಯಗಳನ್ನು ಅವನು ಕೇಳುತ್ತಿದ್ದ. ಅರ್ಥ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಅವುಗಳಲ್ಲಿ ರಾಕ್ಷಸರು ಕೂಡ ವರ ಕೇಳುವಾಗ ತಮ್ಮ ಹೆಸರು ಹೇಳಿಯೇ ಕೇಳುತ್ತಿದ್ದರು. ಶಾಪ ಬಂದರೆ ತಮ್ಮ ತಲೆಯ ಮೇಲೆಯೇ ಹೊತ್ತು ಹೋಗುತ್ತಿದ್ದರು.

ಮನೆಗೆ ಬಂದು ಹೆಂಡತಿ ಪುಷ್ಪಳಿಗೆ ಎಲ್ಲ ಹೇಳಿದ. ಅವಳು ಹುಣಸೆಹಣ್ಣು ಹಚ್ಚಿ ಗಿಂಡಿ ಬೆಳಗುತ್ತಿದ್ದಳು, ಪಂಚಮಿ ಬಂತಲ್ಲ ಎಂದು. ಕೇಳುತ್ತ ಕೇಳುತ್ತ ಅವಳ ಕೈ ನಿಂತಿತು.

“ನಮ್ಮ ಹೆಣ್ಣಿಗೆ ತಾಗ್ಲಿ ಅಂದ್ನಾ ಅವ?”

“ತಾಗ್ಲಿ ಅನ್ಲಿಲ್ಲೆ. ‘ಇರ್ಲಿ ಬಿಡ್’ ಅಂದ.”

“ಥೂ!” ಪುಷ್ಪ ಅಂಗಳಕ್ಕೆ ಉಗಿದಳು. ಮತ್ತೆ ಅವನ ಕಡೆ ತಿರುಗಿದಳು. “ಹ್ವಾಯ್, ಒಂದ್ ಮಾತ್ ಹೇಳ್ತೆ, ಸಿಟ್ಟ್ ಮಾಡ್ಬೇಡಿ. ಅವ್ನ ಕಂಡ್ರೆ ನಿಮ್ಗೆ ಈಗ ಹೇಸ್ಗಿ ಆತಿತ್. ಸರೋಜಕ್ಕನ ಎದ್ರಿಗೆ ‘ಭಾವ ದುಡ್ ಕೊಡ್ತ’ ಅಂದ್ ಹೇಳುವತ್ತಿಗೆ ಆಯ್ಲಿಲ್ಯಾ? ನಾ ಆವತ್ತೇ ಕೇಂಡೆ, ಇದೆಂತಕ್ ನಮ್ಗೆ ಅಂದೇಳಿ. ‘ಬರೀ ಹೆಸ್ರ್’ ಅಂದ್ರಿ. ಆ ಹೆಸ್ರಲ್ಲದೆ ನಿಮ್ಮತ್ರ ಬೇರೆ ಎಂತ ಇದ್ದಿತ್?”

ಸುಂದರ ಅರ್ಧ ಬೆಳಗಿದ ಗಿಂಡಿಯನ್ನು ನೋಡಿದ. ಸರೋಜಕ್ಕ ಜಾಗ ಕೊಟ್ಟದ್ದು ಇಪ್ಪತ್ತು ವರ್ಷದ ದೀಪವನ್ನು ನೋಡಿ. ಶೈಲೇಶ ಕೊಂಡದ್ದು ಆ ದೀಪವನ್ನೇ. ಅದನ್ನು ತೂಗಿ ಕೊಟ್ಟವನು ತಾನು, ಒಂದು ಊಟಕ್ಕೆ.

ಅಂಗಳದ ಕಟ್ಟೆಯ ಮೇಲೆ ಕುಳಿತು ಬ್ರಹ್ಮಾವರಕ್ಕೆ ಫೋನು ಮಾಡಿದ. ಮೊದಲ ವಾಕ್ಯ ಹೊರಡಲು ಹೊತ್ತು ಹಿಡಿಯಿತು. ಆಮೇಲೆ ಬಾವಿಯ ಹಗ್ಗ ಕೈ ತಪ್ಪಿದಂತೆ ಎಲ್ಲ ಒಂದೇ ಉಸಿರಿಗೆ ಇಳಿದುಹೋಯಿತು. ಫೋನಿನ ಆಚೆ ಗೋಡೆ ಗಡಿಯಾರದ ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು.

“ಸರೋಜಕ್ಕ?”

“ಆ ಗಡಿಕಲ್ಲ್ ನಡ್ಕಂಡ್ ಬಂದದ್ ನಾ ಕಣ್ಣಾರೆ ಕಂಡಿದ್ದೆ ಸುಂದರ,” ಎಂದಳು ಆಕೆ ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. “ಈ ಸಲ ನಿನ್ನ ಹೆಗ್ಲ್ ಮೇಲೆ ಕೂಕಂಡ್ ಬಂತಾ? ಆಯ್ತ್. ಪಂಚಮಿಗೆ ನಾ ಬತ್ತೆ. ಗೇಟ್ ತೆಗ್ದಿದ್ರೆ ಒಳ್ಗೆ ಬತ್ತೆ. ಇಲ್ದಿರೆ ಹಾಲ್ ಆ ಗೇಟಿಗೇ ಎರ್ದ್ ಹೋತೆ.”

ಮಗಾ ಎಂದು ಆಕೆ ಅನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಮಳೆ ಬಿಟ್ಟಿತ್ತು. ಗೇಟು ತೆರೆದಿತ್ತು. ಬನದ ಎದುರು ಚಪ್ಪರದಷ್ಟು ಜಾಗ ಗುಡಿಸಿ, ಭಟ್ಟರು ದರ್ಭೆ, ಅರಿಶಿನ, ಅಡಕೆಯ ಹಿಂಗಾರ ಎಲ್ಲ ಜೋಡಿಸಿಕೊಂಡಿದ್ದರು. ನಡುವೆ ಒಂದು ಹಲಸಿನ ಮಣೆ. ರತೀಶ ಕರೆತಂದ ಇಬ್ಬರು ಆಳುಗಳು ಹಾರೆ ಹಿಡಿದು ದೂರ ನಿಂತಿದ್ದರು.

ಶೈಲೇಶ ಗೇಟಿನ ಹೊರಗೆ, ಡಾಮರು ರಸ್ತೆಯ ಮೇಲೆ ನಿಂತಿದ್ದ. ಚಪ್ಪಲಿಯ ತುದಿ ಕೂಡ ಹೊಯಿಗೆಗೆ ತಾಗದ ಹಾಗೆ. ಅವನ ಕೈಯಲ್ಲಿದ್ದದ್ದು ಸುಂದರ ಬಿಟ್ಟು ಬಂದ ಕೊಡೆ.

“ಬಾ ಬಾ. ಹೊಸ ಮುಂಡು ಉಟ್ಕಣ್ಲಿಲ್ಯಾ? ಅಡ್ಡಿಲ್ಲೆ. ಹೋಗ್, ಕೂಕೊ.”

ಸುಂದರ ದಿನನಿತ್ಯದ ಪಂಚೆಯಲ್ಲೇ ಬಂದಿದ್ದ. ಕೈಯಲ್ಲಿ ಗಿಂಡಿ. ಒಳಗೆ ಹೋಗಿ ಬನಕ್ಕೆ ಕೈಮುಗಿದು ಮಣೆಯ ಪಕ್ಕ ನಿಂತ.

“ಕೂತ್ಕಳಿ,” ಎಂದರು ಭಟ್ಟರು. “ಜಾಗದ ಯಜಮಾನ್ರ ಹೆಸ್ರ್, ನಕ್ಷತ್ರ ಹೇಳಿ. ಸಂಕಲ್ಪ ಮಾಡುವ.”

“ಯಜಮಾನ್ರ್ ಅಲ್ಲಿದ್ರ್ ಭಟ್ರೇ.” ಸುಂದರ ಗೇಟಿನ ಕಡೆ ಕೈ ತೋರಿಸಿದ. “ರಸ್ತೆ ಮೇಲೆ.”

ಭಟ್ಟರು ಕತ್ತು ತಿರುಗಿಸಿದರು. ಶೈಲೇಶ ನಕ್ಕ. “ತಮಾಷೆ ಅವ್ನ್ದ್. ಪಹಣಿ ಅವ್ನ ಹೆಸ್ರಲ್ಲೇ ಇತ್ ಭಟ್ರೇ, ಬೇಕಾರೆ ಕಾಣಿ.”

“ಹೆಸ್ರ್ ನಂದೇ,” ಎಂದ ಸುಂದರ. ಅವನು ಗಟ್ಟಿಯಾಗಿ ಮಾತಾಡಿದ್ದನ್ನು ಅಲ್ಲಿದ್ದವರು ಯಾರೂ ಮೊದಲು ಕೇಳಿರಲಿಲ್ಲ. “ಕೊಂಡದ್ ಅವ್ರ್. ಮಾರುದೂ ಅವ್ರೇ. ಗೇಟಿನ ಕೀ ಅವ್ರ ಕಿಸೆಲಿತ್. ಸರೋಜಕ್ಕನಿಗೆ ಸುಳ್ಳ್ ಹೇಳಿ ನಾ ಹೆಸ್ರ್ ಕೊಟ್ಟೆ. ತಪ್ಪ್ ನಂದ್, ಅದ್ನ ಅವ್ರಿಗೂ ಹೇಳಿದ್ದೆ. ನೀವ್ ಹೇಳಿ ಭಟ್ರೇ, ಈ ಕಲ್ಲ್ ಎಬ್ಬಿಸಿ ಅಂತ ಬೇಡ್ಕಂಬುದ್ ಯಾರ್?”

ಭಟ್ಟರು ಕೈಯಲ್ಲಿದ್ದ ಅಕ್ಷತೆಯನ್ನು ಮೆಲ್ಲಗೆ ತಟ್ಟೆಗೆ ಸುರಿದರು. “ಜಾಗ ಯಾರ್ದೋ ಅವ್ರ್,” ಎಂದರು. “ನಾಗ ಪಹಣಿ ಓದುದಿಲ್ಲ ಶೈಲೇಶಣ್ಣ. ನೀವೇ ಬನ್ನಿ. ಕೈಕಾಲ್ ತೊಳ್ಕಂಡ್ ಬಂದ್ ಕೂತ್ಕಳಿ.”

ಶೈಲೇಶನ ಬಲಗಾಲು ಅರ್ಧ ಅಡಿ ಹಿಂದಕ್ಕೆ ಹೋಯಿತು. ಅದೊಂದು ಸಾಕಾಗಿತ್ತು. ಹಾರೆ ಹಿಡಿದ ಆಳುಗಳು ಅದನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯವನು ಹಾರೆಯನ್ನು ಗಾಳಿಮರಕ್ಕೆ ಒರಗಿಸಿ ಬೀಡಿ ಹಚ್ಚಿದ. ರತೀಶ ಫೋನು ನೋಡುತ್ತ ನಿಂತ.

ಸುಂದರ ಗೇಟಿನ ತನಕ ನಡೆದು ಬಂದ. ಶೈಲೇಶ ದನಿ ತಗ್ಗಿಸಿದ. ಮುಖದ ಮೇಲೆ ಅದೇ ಹಳೆಯ ನಗು, ಅಂಚಿನಲ್ಲಿ ಸ್ವಲ್ಪ ಒಡೆದದ್ದು.

“ಎಂತಕ್ ಮರಾಯಾ ಮರ್ಯಾದಿ ತೆಗಿತೆ? ಬಾಕಿದ್ದೆಲ್ಲ ನಾ ಕಂಡ್ಕಂತೆ. ಪ್ಲಾಂಟಲ್ಲಿ ನಿನ್ನ ಮೇಸ್ತ್ರಿ ಮಾಡ್ತೆ. ಚಂದನಾ ಓದುದ್ ನಂಗಿರ್ಲಿ.”

ಸುಂದರ ಗಿಂಡಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

“ನಾಳೆಯಿಂದ ಪ್ಲಾಂಟಿಗೆ ಬಪ್ಪುದ್ ಬೇಡ ಅಂದ್ರೆ ಎಂತ ಮಾಡ್ತೆ?”

ಸುಂದರ ಆಗಲೂ ಮಾತಾಡಲಿಲ್ಲ. ಮೌನ ಎಂದರೆ ಒಪ್ಪಿಗೆ ಎಂಬ ಹಳೆಯ ಅಭ್ಯಾಸ ಶೈಲೇಶನ ಕಣ್ಣಿನಲ್ಲಿ ಒಮ್ಮೆ ಮಿನುಗಿತು. ಅವನು ರಸ್ತೆಯ ಮೇಲಿಂದಲೇ ಕೈ ಚಾಚಿದ. ಆ ಮೆತ್ತಗಿನ, ಸೆಂಟು ಹಚ್ಚಿದ ಕೈ ಹೆಗಲಿನ ಮೇಲೆ ಕೂರುವ ಮೊದಲೇ ಸುಂದರ ಒಂದು ಹೆಜ್ಜೆ ಹಿಂದೆ ಸರಿದ. ಹಾವಿಗೆ ಸರಿಯುವಂತಲ್ಲ; ದಾರಿಯಲ್ಲಿ ಬಿದ್ದ ಹೊಲಸಿಗೆ ಸರಿಯುವಂತೆ.

“ಅಣ್ಣ ಅಂತ ಕೇಂತಿದ್ದೆ ಸುಂದರ. ಒಂದೇ ಸಲ. ಹೋಗ್, ಕೂಕೊ.”

“ಕೂಕಂತಿಲ್ಲೆ,” ಎಂದ ಸುಂದರ.